ಬೆನ್ನಿಲ್ಲದ ಅಳತೆ

ಅಳತೆಗೆಂದು ತಂದುಕೊಟ್ಟ ಕುಬಸಕ್ಕೆ ಬೆನ್ನೇ ಇರಲಿಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದ, ತಿರುವಿ ಹಾಕಿದ, ಮತ್ತೆ ತಿರುವಿ ಹಾಕಿದ. ಮುಂದುಗಡೆ ಬೆರಳಿಡಲು ಜಾಗವಿಲ್ಲದಂತೆ ಕನ್ನಡಿ, ಕವಡೆ, ಬಣ್ಣದ ದಾರ. ಹಿಂದುಗಡೆ ನಾಲ್ಕು ಕಸೆ, ಅಷ್ಟೇ.

"ಯವ್ವಾ, ಇದಕ್ಕ ಬೆನ್ನು ಎಲ್ಲೈತಿ?"

"ಬೆನ್ನು ನನ್ನ ಮೊಮ್ಮಗಳಿಗೈತಿ. ನೀ ಕುಬಸ ಹೊಲಿ," ಅಂದಳು ಮುದುಕಿ.

1974ರ ಮಾತು. ನನಗೆ ಹನ್ನೆರಡು ವರ್ಷ, ಹೊಸಪೇಟೆಯ ನಮ್ಮ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಮಾಡುವುದು ನನ್ನ ಕೆಲಸ. ಮುದುಕಿ ಸಂಡೂರು ಕಡೆಯ ಲಂಬಾಣಿ ತಾಂಡಾದವಳು. ಜೊತೆಗಿದ್ದ ಹುಡುಗಿಗೆ ಹದಿಮೂರೋ ಹದಿನಾಲ್ಕೋ ಇರಬೇಕು. ಸಾಲಿಗೆ ಹೋಗುವ ಹುಡುಗಿ, ಅದಕ್ಕೇ ಈ ಬೆನ್ನಿಲ್ಲದ ಕುಬಸ, ಕಾಂಚಳಿ, ಒಲ್ಲೆ ಅಂತ ಹಟ ಹಿಡಿದಿದ್ದಳಂತೆ. ಮುದುಕಿಯ ಮೈಮೇಲೆ ಇಡೀ ಉಡುಗೆ ಇತ್ತು. ನೆರಿಗೆ ತುಂಬಿದ ಕೆಂಪು ಫೇಟಿಯಾ ಲಂಗ, ಕಾಂಚಳಿ, ತಲೆಯ ಮೇಲೆ ಅಂಚಿಗೆ ನಾಣ್ಯ ಹೊಲಿದ ಛಾಂಟಿಯಾ, ಕಾಲಲ್ಲಿ ಕಡಗ, ತೋಳು ತುಂಬ ಬಳೆ. ಅವಳು ಓಣಿಯ ತಿರುವಿನಲ್ಲಿರುವಾಗಲೇ ನಮಗೆ ಸದ್ದು ಕೇಳುತ್ತಿತ್ತು.

ಹರೆಯಕ್ಕೆ ಬಂದ ಹುಡುಗಿಯ ಮೈಗೆ ಅಪ್ಪ ಟೇಪು ಹಿಡಿಯುವ ಹಾಗಿರಲಿಲ್ಲ. ಒಳಗಿಂದ ಅವ್ವ ಬಂದಳು. ಒಂದು ದಾರದಲ್ಲಿ ಎದೆ, ಬೆನ್ನು, ತೋಳಿನ ಅಳತೆ ತೆಗೆದು ಗಂಟು ಹಾಕಿ ಕೊಟ್ಟಳು. ಅಪ್ಪ ಆ ಗಂಟುಗಳನ್ನು ಟೇಪಿಗೆ ಹಚ್ಚಿ ಪುಸ್ತಕದಲ್ಲಿ ಬರೆದುಕೊಂಡ. ಆ ತಾಂಡಾದಿಂದ ನಮ್ಮ ಅಳತೆ ಪುಸ್ತಕಕ್ಕೆ ಹತ್ತಿದ ಮೊದಲ ಹೆಣ್ಣುಮಗಳು ಅವಳೇ. ಅಲ್ಲಿಯವರೆಗೆ ತಾಂಡಾದ ಗಂಡಸರು ಅಂಗಿ ಹೊಲಿಸಲು ಬರುತ್ತಿದ್ದರು, ಹೆಂಗಸರು ಬಂದರೆ ಉಳಿದ ತುಂಡುಬಟ್ಟೆ ಕೇಳಲು ಬರುತ್ತಿದ್ದರು. ಕತ್ತರಿಸಿ ಬಿದ್ದ ಚೂರುಗಳನ್ನು ಅಪ್ಪ ಚೀಲದಲ್ಲಿ ಕೂಡಿಟ್ಟು ಅವರಿಗೇ ಕೊಡುತ್ತಿದ್ದ. ನಮ್ಮ ಕಸ ಅವರ ಫೇಟಿಯಾದ ಅಂಚಾಗುತ್ತಿತ್ತು.

ನಾನೀಗ ಅರವತ್ತು ದಾಟಿದ ಸಿಂಪಿಗ. ಬಟ್ಟೆಯ ಚರಿತ್ರೆಯನ್ನು ಪಂಡಿತರು ಬೇಕಾದಷ್ಟು ಬರೆದಿದ್ದಾರೆ, ನಾನು ಸೂಜಿಯ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಕಾಂಚಳಿಗೆ ಸಿಂಪಿಗ ಬೇಕಿಲ್ಲ ಎಂಬುದು ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು. ನಾವು ಹೊಲಿಯುವ ಜಂಪರಿಗೆ ಒಂದು ದಿನದ ಅಳತೆ ಇರುತ್ತದೆ. ಹೆಂಗಸು ದಪ್ಪಗಾದರೆ ಹೊಲಿಗೆ ಬಿಚ್ಚಬೇಕು, ತೆಳ್ಳಗಾದರೆ ಹಿಡಿಯಬೇಕು. ಅದಕ್ಕೇ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರುತ್ತೇವೆ. ಕಾಂಚಳಿಗೆ ಬೆನ್ನಿಲ್ಲದ್ದರಿಂದ ಅಳತೆಯೂ ಇಲ್ಲ. ಬಸುರಿಯಾದಾಗ ಕಸೆ ಸಡಿಲು, ಹೆತ್ತು ಸೊರಗಿದಾಗ ಕಸೆ ಬಿಗಿ. ಒಂದೇ ಕಾಂಚಳಿ ಅವಳ ಜೊತೆ ಹಿಗ್ಗಿ ಕುಗ್ಗಿ ಬದುಕುತ್ತದೆ. ಇಂಥ ಬುದ್ಧಿವಂತ ಕಟಿಂಗ್ ನಾನು ಯಾವ ಟೈಲರಿಂಗ್ ಕ್ಲಾಸಿನಲ್ಲೂ ನೋಡಿಲ್ಲ.

ಮುಂದಿನ ಭಾಗದ್ದು ಬೇರೆ ಕೆಲಸ. ಸಂಡೂರಿನ ಕಸೂತಿಯವರು ಹದಿನಾಲ್ಕು ಹೊಲಿಗೆ ಎಣಿಸುತ್ತಾರೆ: ಕಿಲನ್, ವೇಲೆ, ಬಕ್ಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾಂಸ್, ತೇರಾ ಡೋರಾ, ಕೌಡಿ, ರೇಲೋ, ಗಡ್ರಿ, ಭುರಿಯಾ, ಪೋತೆ, ಜೋಲ್ಯಾ, ನಾಕ್ರಾ. ಇದನ್ನು ಧಾರವಾಡದ ಕಸೂತಿಯ ಜೊತೆ ಕಲಸಬಾರದು. ಧಾರವಾಡದ್ದು ಎಳೆ ಎಣಿಸಿ ಹಾಕುವ ಹೊಲಿಗೆ. ಗಂಟಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ, ಇಳಕಲ್ ಸೀರೆಯ ಮೇಲೆ ತೇರು, ಗೋಪುರ ಕೂರಿಸುವ ನಾಜೂಕಿನ ಕೆಲಸ. ಲಂಬಾಣಿ ಸೂಜಿಗೆ ಆ ನಾಜೂಕು ಬೇಕಿಲ್ಲ. ಬಟ್ಟೆಯ ಮೇಲೆ ಬಟ್ಟೆ, ಅದರ ಮೇಲೆ ಕನ್ನಡಿ, ಪಕ್ಕದಲ್ಲಿ ಕವಡೆ. ಕವಡೆ ಒಂದು ಕಾಲಕ್ಕೆ ಮಾಲ್ಡೀವ್ಸ್ ದ್ವೀಪಗಳಿಂದ ಹಡಗೇರಿ ಬಂದು ಹಿಂದೂಸ್ತಾನದ ಸಂತೆಯಲ್ಲಿ ದುಡ್ಡಾಗಿ ಓಡಾಡಿದ್ದು. ನಾಣ್ಯವೂ ದುಡ್ಡೇ. ಊರೂರು ಅಲೆಯುವವರಿಗೆ ಗೋಡೆಯಿಲ್ಲ, ಪೆಟ್ಟಿಗೆಯಿಲ್ಲ. ಇದ್ದಬದ್ದದ್ದನ್ನು ಹೆಂಗಸಿನ ಅಂಚಿಗೆ ಹೊಲಿದರೆ ಕದಿಯುವುದು ಕಷ್ಟ. ಇದು ನನ್ನ ಲೆಕ್ಕಾಚಾರ, ಮುದುಕಿ ಹೇಳಿದ್ದಲ್ಲ. ಅವಳನ್ನು ಕೇಳಿದ್ದರೆ "ಚಂದ ಕಾಣತೈತಿ, ಹಚ್ಚೇವಿ" ಅನ್ನುತ್ತಿದ್ದಳು.

ಆ ಉಡುಗೆಯನ್ನು ಓದಬಹುದಿತ್ತು, ಓದು ಗೊತ್ತಿದ್ದವರಿಗೆ. ಕೆನ್ನೆಯ ಪಕ್ಕ ಜೋತುಬಿದ್ದ ಬೆಳ್ಳಿಯ ಘುಗ್ರಿ, ತೋಪ್ಲಿ ಕಂಡರೆ ಮುತ್ತೈದೆ. ಮೊಣಕೈ ಮೇಲಿನ ಚೂಡೋ ಬಳೆಗಳೂ ಹಾಗೇ. ಗಂಡ ಸತ್ತರೆ ಇವು ಇಳಿಯುತ್ತಿದ್ದವು. ತಾಂಡಾದವರಿಗೆ ಇಂಥದ್ದನ್ನೆಲ್ಲ ಕೇಳಬೇಕಾಗಿರಲಿಲ್ಲ, ಕಣ್ಣೇ ಸಾಕು. ಅವರು ತಮ್ಮನ್ನು ಗೋರ್ ಅಂದುಕೊಳ್ಳುತ್ತಾರೆ, ನಮ್ಮಂಥ ಹೊರಗಿನವರು ಕೋರ್. ಕೋರ್ ಆದ ನನಗೆ ಆ ಬಟ್ಟೆಯಲ್ಲಿ ಕಂಡದ್ದು ಒಂದೇ ಅಕ್ಷರ: ಲಂಬಾಣಿ. ಸಂತೆಯ ವ್ಯಾಪಾರಿಗೂ ಅಷ್ಟೇ ಕಾಣುತ್ತಿತ್ತು, ಬಸ್ಸಿನಲ್ಲಿ ಸರಿದು ಕೂತವರಿಗೂ ಅಷ್ಟೇ.

ನಮ್ಮ ಊರಿನವರಿಗೆ ಬಟ್ಟೆ ಓದುವುದು ಹೊಸದೇನಲ್ಲ. ಹೊಸಪೇಟೆಯನ್ನು ನಾಗಲಾಪುರವೆಂದು ಕಟ್ಟಿಸಿದ ಕೃಷ್ಣದೇವರಾಯನ ಕಾಲಕ್ಕೆ ಹೋದರೆ ಅಲ್ಲಿಯೂ ಇದೇ ಕತೆ, ಆದರೆ ಮೇಲಿನ ಅಂತಸ್ತಿನದು. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟ. ಬಿಳಿ ಬಟ್ಟೆ, ಅದರ ತುಂಬ ಚಿನ್ನದ ಎಳೆಯ ಗುಲಾಬಿ ಹೂಗಳು, ತಲೆಗೆ ಜರತಾರಿ ಟೋಪಿ, ಕಾಲು ಮಾತ್ರ ಬರಿಗಾಲು. ರಾಯನಿದ್ದಲ್ಲಿಗೆ ಬರಿಗಾಲಲ್ಲದೆ ಯಾರೂ ಹೋಗುವ ಹಾಗಿಲ್ಲ. ಪೋರ್ಚುಗೀಸರ ಮುಖಂಡ ಕ್ರಿಸ್ತೊವಾವ್ ದೆ ಫಿಗೆರೆದೊನನ್ನು ಬೀಳ್ಕೊಡುವಾಗ ರಾಯ ಅವನಿಗೆ ಜರತಾರಿ ಕಬಾಯಿ ಕೊಟ್ಟ, ತಾನು ಹಾಕುವಂಥದೇ ಟೋಪಿ ಕೊಟ್ಟ. ಉಳಿದವರಿಗೆ ಕಸೂತಿ ಹಾಕಿದ ಒಂದೊಂದು ಬಟ್ಟೆ. ಗಮನಿಸಿ, ಮುಖಂಡನಿಗೆ ಹೊಲಿದದ್ದು, ಬಾಕಿಯವರಿಗೆ ಹೊಲಿಯದ್ದು. ಸಿಂಪಿಗನಾದ ನನಗೆ ಈ ಭೇದ ಮೊದಲು ಕಣ್ಣಿಗೆ ಬಿತ್ತು.

ಹತ್ತು ಹದಿನೈದು ವರ್ಷದ ಮೇಲೆ ಬರೆದ ಇನ್ನೊಬ್ಬ ಪೋರ್ಚುಗೀಸ ನೂನಿಜ್ ಇನ್ನೂ ಚೆನ್ನಾದ ಲೆಕ್ಕ ಕೊಡುತ್ತಾನೆ. ವಿಜಯನಗರದ ಅರಸ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುವುದಿಲ್ಲ. ಕಳಚಿದ ಕೂಡಲೇ ಅದನ್ನು ಅಧಿಕಾರಿಗಳಿಗೆ ಒಪ್ಪಿಸಬೇಕು, ಅವರು ಲೆಕ್ಕ ಇಡಬೇಕು, ಅದು ಯಾರಿಗೂ ದಾನವಾಗಿ ಹೋಗುವಂತಿಲ್ಲ. ಕುಲ್ಲಾಯಿ ಎಂಬ ಟೋಪಿಗೆ ಇಪ್ಪತ್ತು ಕ್ರುಜಾದೊ ಬೆಲೆ, ತಲೆಯಿಂದ ತೆಗೆದರೆ ಮುಗಿಯಿತು. ಈ ಇಬ್ಬರ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಓದಿಸಿಕೊಂಡು ಕೇಳಿದಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ದಿನಕ್ಕೊಂದು ಹೊಸ ಅಂಗಿ ಎಂದರೆ ಎಷ್ಟು ಜನ ಕೂತು ಹೊಲಿದಿರಬೇಕು? ಬಟ್ಟೆಯ ಬೆಲೆ ಬರೆದವರು ಹೊಲಿದವನ ಹೆಸರು ಬರೆದಿಲ್ಲ.

ಕುಲ್ಲಾಯಿ ಮತ್ತು ಕಬಾಯಿ, ಎರಡೂ ನಮ್ಮ ಮಣ್ಣಿನ ಮಾತಲ್ಲ. ಕುಲಾಹ್, ಕಬಾ ಎಂದು ಪಾರಸಿ, ಅರಬಿಯಿಂದ ಬಂದವು. ಚರಿತ್ರೆಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಇದರ ಮೇಲೊಂದು ದೊಡ್ಡ ಲೇಖನವನ್ನೇ ಬರೆದರು. ತಮ್ಮನ್ನು ಹಿಂದೂರಾಯ ಸುರತ್ರಾಣ ಎಂದು ಕರೆದುಕೊಂಡ ವಿಜಯನಗರದ ಅರಸರು ಆಸ್ಥಾನದಲ್ಲಿ ಸುಲ್ತಾನರ ಲೋಕದ ಉಡುಪು ತೊಟ್ಟರು ಎಂಬುದು ಅವರ ವಾದ. ದೊಡ್ಡ ದೊಡ್ಡ ಅರಸರ ಜೊತೆ ಸರಿಸಮ ಕೂರಬೇಕಾದರೆ ಅವರ ಹಾಗೆ ಹೊಲಿದ ಬಟ್ಟೆ ಬೇಕು. ತೆಲುಗು ಕವಿ ಶ್ರೀನಾಥ ಪ್ರೌಢದೇವರಾಯನ ಸಭೆಗೆ ಬಂದು ಕುಲ್ಲಾಯಿ ಹಾಕಿ ದೊಡ್ಡ ಅಂಗಿ ತೊಡಬೇಕಾಯಿತೆಂದು ಗೊಣಗಿದ ಪದ್ಯವೊಂದು ಅವನ ಹೆಸರಲ್ಲಿ ಉಳಿದಿದೆ. ಪಾಪ, ಕವಿಗೂ ಯೂನಿಫಾರ್ಮಿನ ಕಾಟ.

ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಮೂರ್ತಿ ನೋಡಿ. ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತಿದ್ದಾನೆ. ತಲೆಯ ಮೇಲೆ ಎತ್ತರದ ಕುಲ್ಲಾಯಿ ಇದೆ, ಮೈಮೇಲೆ ಕಬಾಯಿ ಇಲ್ಲ. ದೇವರ ಮುಂದೆ ಬರಿಮೈ, ಕೆಳಗೆ ಪಂಚೆ. ಹೊಲಿದದ್ದು ಸಭೆಗೆ, ಹೊಲಿಯದ್ದು ಗುಡಿಗೆ. ಈಗಲೂ ನಮ್ಮ ಗಿರಾಕಿಗಳು ಮದುವೆಯ ಧಾರೆಗೆ ಪಂಚೆ ಉಟ್ಟು, ಸಂಜೆ ಆರತಕ್ಷತೆಗೆ ಸೂಟು ಹೊಲಿಸುತ್ತಾರಲ್ಲ, ಅದು ಐನೂರು ವರ್ಷದ ರೂಢಿ.

ಹಂಪಿಗೆ ಹೋದಾಗ ನಾನು ಹಜಾರರಾಮ ಗುಡಿಯ ಹೊರಗೋಡೆಯ ಮುಂದೆ ನಿಲ್ಲುತ್ತೇನೆ. ಬೇರೆಯವರು ಆನೆ, ಕುದುರೆ ಎಣಿಸುತ್ತಾರೆ, ನಾನು ತೋಳು ಹುಡುಕುತ್ತೇನೆ. ಕಲ್ಲಿನಲ್ಲಿ ಸುತ್ತಿದ ಬಟ್ಟೆಗೆ ನೆರಿಗೆ ಬೀಳುತ್ತದೆ. ಹೊಲಿದ ಬಟ್ಟೆಗೆ ಕೈಕೊನೆಯಲ್ಲಿ ಒಂದು ಗೆರೆ ಬೇಕು. ಆ ಗೆರೆ ಕಂಡರೆ ಅಲ್ಲೊಬ್ಬ ನಮ್ಮವನ ಕೈ ಬಿದ್ದಿದೆ ಎಂದು ಲೆಕ್ಕ. ಮಹಾನವಮಿ ದಿಬ್ಬದ ಗೋಡೆಯಲ್ಲಿ ಟೋಪಿ ಹಾಕಿದ ಪರದೇಶಿಗಳಿದ್ದಾರೆ. ಶಿಲ್ಪಿಗೆ ಅವರ ಮುಖಕ್ಕಿಂತ ಬಟ್ಟೆಯೇ ಗುರುತು.

ಹಂಪಿಯಿಂದಲೇ ನಮ್ಮ ಅಂಗಡಿಗೆ ಒಬ್ಬಳು ಪೆರು ದೇಶದ ಹುಡುಗಿ ಬಂದಿದ್ದಳು. ಹತ್ತು ವರ್ಷದ ಹಿಂದೆ. ಹೆಗಲ ಚೀಲದ ಪಟ್ಟಿ ಕಿತ್ತಿತ್ತು. ಕೈಮಗ್ಗದಲ್ಲಿ ನೇಯ್ದ ದಪ್ಪ ಉಣ್ಣೆ ಪಟ್ಟಿ, ಕೆಂಪು ಹಿನ್ನೆಲೆಯ ಮೇಲೆ ಹಕ್ಕಿ, ಮೆಟ್ಟಿಲು. ಮಷೀನಿನ ಸೂಜಿ ತಾಗಿಸಬೇಡಿ ಎಂದು ಕೈಸನ್ನೆಯಲ್ಲಿ ಹೇಳಿದಳು. ನಾನು ಕೈಹೊಲಿಗೆ ಹಾಕಿದೆ. ಜೊತೆಗೆ ಬಂದಿದ್ದ ಗೈಡ್ ಹುಡುಗ ಅವಳ ಮಾತನ್ನು ಬಿಡಿಸಿ ಹೇಳಿದ: ಅವಳ ದೇಶದಲ್ಲಿ ಟಿಟಿಕಾಕಾ ಸರೋವರದ ನಡುವೆ ತಾಕಿಲೆ ಎಂಬ ದ್ವೀಪವಿದೆ. ಅಲ್ಲಿ ಟೋಪಿ ಹೆಣೆಯುವವರು ಗಂಡಸರು. ಮದುವೆಯಾದವನದು ಪೂರ್ತಿ ಕೆಂಪು ಟೋಪಿ, ಆಗದವನದು ಅರ್ಧ ಬಿಳಿ. ನನಗೆ ನಗು ಬಂತು. ನಮ್ಮಲ್ಲಿ ಗಂಡಸಿಗೆ ಮದುವೆಯಾಗಿದೆಯೋ ಇಲ್ಲವೋ ಹೇಳುವ ಗುರುತೇ ಇಲ್ಲ, ಎಲ್ಲ ಭಾರವೂ ಹೆಂಗಸಿನ ಮೈಮೇಲೆ. ತಾಕಿಲೆಯ ನೇಯ್ಗೆಯನ್ನು ಯುನೆಸ್ಕೊ 2005ರಲ್ಲಿ ಮನುಕುಲದ ಪರಂಪರೆಯೆಂದು ಸಾರಿತು.

ಆಮೇಲೆ ನಾನು ಆ ದೇಶದ ಬಟ್ಟೆಯ ವಿಷಯ ಸಿಕ್ಕಷ್ಟು ಓದಿದೆ. ಅಲ್ಲಿನ ಪರಾಕಾಸ್ ಎಂಬ ಕಡಲದಂಡೆಯಲ್ಲಿ 1927ರಲ್ಲಿ ಹುಲಿಯೊ ತೆಯೊ ಎಂಬ ವಿದ್ವಾಂಸರು ಅಗೆದಾಗ ನಾನೂರಕ್ಕೂ ಹೆಚ್ಚು ಹೆಣದ ಗಂಟುಗಳು ಸಿಕ್ಕವು. ಎರಡು ಸಾವಿರ ವರ್ಷದ ಹಿಂದಿನವು. ಸತ್ತವನ ಅಂತಸ್ತಿಗೆ ತಕ್ಕಂತೆ ಸುತ್ತಿದ ಕಸೂತಿ ಬಟ್ಟೆ, ಮಳೆಯಿಲ್ಲದ ಮರಳಿನಲ್ಲಿ ಬಣ್ಣ ಮಾಸದೆ ಉಳಿದಿದ್ದವು. ಇಂಕಾ ಅರಸರ ಕಾಲಕ್ಕೆ ಒಂದೊಂದು ನಾಡಿನವರೂ ತಮ್ಮದೇ ಶಿರೋವಸ್ತ್ರ, ತಮ್ಮದೇ ಉಡುಗೆ ತೊಡಬೇಕು, ಬದಲಿಸಿದರೆ ಶಿಕ್ಷೆ ಎಂದು ಸ್ಪೇನಿನವರು ಬರೆದಿದ್ದಾರೆ. ಎಲ್ಲಿಯವನೆಂದು ಅಧಿಕಾರಿಗೆ ದೂರದಿಂದಲೇ ತಿಳಿಯಬೇಕಲ್ಲ. ಎರಡನೆಯ ತುಪಾಕ್ ಅಮರು ಎಂಬ ಮುಖಂಡ ಸ್ಪೇನಿನ ಆಳ್ವಿಕೆಯ ಮೇಲೆ ದಂಗೆಯೆದ್ದು 1781ರಲ್ಲಿ ಸೋತ ಮೇಲೆ ಸ್ಪೇನಿನ ಅಧಿಕಾರಿಗಳು ಇಂಕಾ ಉಡುಪನ್ನೇ ನಿಷೇಧಿಸಿದರು. ಹಾಕಲೇಬೇಕು ಅಂದದ್ದೂ ಸರಕಾರ, ಹಾಕಲೇಬಾರದು ಅಂದದ್ದೂ ಸರಕಾರ.

ಅದನ್ನು ಓದಿದಾಗ ನೆನಪಾದದ್ದು ಆ ಮುದುಕಿ. ಜಂಪರು ಒಯ್ಯಲು ಬಂದ ದಿನ ಅವ್ವ ಕೊಟ್ಟ ಚಹಾ ಕುಡಿಯುತ್ತ ಅವಳು ಹೇಳಿದ ಮಾತು ಕಾಜಾ ಮಾಡುತ್ತಿದ್ದ ನನ್ನ ಕಿವಿಗೆ ಬಿದ್ದಿತ್ತು. "ಕತ್ತಲಾಗ ಪೊಲೀಸ್ರಿಗೆ ನಮ್ಮ ಮುಖ ಕಾಣತಿರಲಿಲ್ಲವ್ವಾ. ಸಪ್ಪಳ ಕೇಳಿ ಹಿಡೀತಿದ್ರು." ಎಲ್ಲಿ, ಯಾವಾಗ ಎಂದು ಅವ್ವ ಕೇಳಲಿಲ್ಲ.

ಅವಳ ಹಿರಿಯರು ಎತ್ತಿನ ಹಿಂಡಿನ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತಿದವರು. ಔರಂಗಜೇಬನ ದಂಡು ದಖನ್ನಿಗೆ ಬಂದಾಗ ಹೊಟ್ಟೆ ತುಂಬಿಸಿದವರು ಬಂಜಾರರು, ಅಂದರೆ ಲಂಬಾಣಿಗಳು. 1791ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಕಾಳು ತಂದವರೂ ಅವರೇ. ಆಗ ಕೆಂಪು ಫೇಟಿಯಾ ದೂರದಲ್ಲಿ ಕಂಡರೆ ಹಸಿದ ಸಿಪಾಯಿಗೆ ಜೀವ ಬಂದಿರಬೇಕು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆಯ ಮೇಲೆ ಗದಗಿಗೆ ರೈಲು ಬಂತು. ಎತ್ತು ಒಂದು ತಿಂಗಳಲ್ಲಿ ಹೊರುವುದನ್ನು ರೈಲು ಒಂದು ದಿನದಲ್ಲಿ ಹೊತ್ತಿತು. ಅಷ್ಟರಲ್ಲಿ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಿದ್ದರು, 1911ರ ಹೊತ್ತಿಗೆ ಅದು ಮದ್ರಾಸ್ ಪ್ರಾಂತಕ್ಕೂ ಹಬ್ಬಿತು. ಅಲೆಯುವವರೆಲ್ಲ ಅನುಮಾನಕ್ಕೆ ಗುರಿ. ದೇಶದ ಹಲವು ಕಡೆ ಬಂಜಾರರ ಗುಂಪುಗಳೂ ಆ ಪಟ್ಟಿಗೆ ಸೇರಿದವು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ ಕಾಯಿದೆ ಹೋಯಿತು, ನೋಟ ಹೋಗಲಿಲ್ಲ. ಉಡುಗೆ ಅದೇ ಇತ್ತು. ಓದುವವನ ಕಣ್ಣು ಬದಲಾಗಿತ್ತು.

ಹಾಗಾಗಿ ಲಂಬಾಣಿ ಉಡುಗೆ ಮಾಯವಾಯಿತಲ್ಲ ಎಂದು ಪೇಟೆಯವರು ಹಲುಬಿದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಹೊತ್ತು ನೋಡಿ. ನೆರಿಗೆಯ ಫೇಟಿಯಾ ನೀರು ಕುಡಿದರೆ ಎತ್ತಲು ಎರಡು ಕೈ ಬೇಕು. ಸಂಡೂರಿನ ಗಣಿಯಲ್ಲಿ ಅದಿರು ಹೊರುವವಳಿಗೆ, ಕಂಪ್ಲಿಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಾಟಿ ಮಾಡುವವಳಿಗೆ ಆ ಭಾರ ಯಾಕೆ? ನಾಟಿಯ ಕಾಲಕ್ಕೆ ಕಂಪ್ಲಿ ರಸ್ತೆಯಲ್ಲಿ ಬೆಳಿಗ್ಗೆ ಹೋದರೆ ಟಂಟಂ ತುಂಬ ಹೆಂಗಸರು. ಎಲ್ಲರ ಮೈಮೇಲೂ ಸೀರೆ, ಸೀರೆಯ ಮೇಲೆ ಗಂಡನ ಹಳೆಯ ಫುಲ್ ಶರ್ಟು. ಅದರಲ್ಲಿ ಯಾರು ತಾಂಡಾದವಳು, ಯಾರು ಊರಿನವಳು ಹೇಳಿ ನೋಡೋಣ. ಆ ಶರ್ಟುಗಳಲ್ಲಿ ಎಷ್ಟೋ ನಾನು ಹೊಲಿದವು, ಕಾಲರು ನೋಡಿದರೆ ಗೊತ್ತಾಗುತ್ತದೆ.

ಮೈಯಿಂದ ಇಳಿದ ಹೊಲಿಗೆ ಬೇರೆ ದಾರಿ ಹಿಡಿಯಿತು. ಹಂಪಿಯ ಬಜಾರಿನಲ್ಲಿ ಹಳೆಯ ಫೇಟಿಯಾಗಳನ್ನು ಕತ್ತರಿಸಿ ಚೀಲ, ದಿಂಬಿನ ಹೊದಿಕೆ ಮಾಡಿ ಪರದೇಶಿಗಳಿಗೆ ಮಾರಿದರು. ಸಂಡೂರಿನಲ್ಲಿ ಎಂ.ವೈ. ಘೋರ್ಪಡೆಯವರ ಆಸರೆಯಲ್ಲಿ 1980ರ ದಶಕದಲ್ಲಿ ಕುಶಲ ಕಲಾ ಕೇಂದ್ರ ಶುರುವಾಯಿತು. ಸುಶೀಲಾನಗರದಂಥ ತಾಂಡಾಗಳ ಹೆಂಗಸರು ಅಲ್ಲಿ ಹೊಲಿದು ಕೂಲಿ ಪಡೆದರು. ಅಮ್ಮ ಮಗಳಿಗೆಂದು ಹೊಲಿಯುತ್ತಿದ್ದ ಕಾಲದಲ್ಲಿ ಸೂಜಿಗೆ ಕೂಲಿ ಎಂಬುದೇ ಇರಲಿಲ್ಲ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಮಾಡಿದರು. ಬಸ್ಸಿನಲ್ಲಿ ಸರಿದು ಕೂರುತ್ತಿದ್ದವರೇ ಆ ಕಸೂತಿಯ ಎದುರು ಫೋಟೊ ತೆಗೆಸಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ನನ್ನದೂ ಒಂದು ಪಾಪವಿದೆ, ಹೇಳಿಬಿಡುತ್ತೇನೆ. ಸಾಲೆಗಳ ವಾರ್ಷಿಕೋತ್ಸವಕ್ಕೆ ಲಂಬಾಣಿ ಕುಣಿತದ ಡ್ರೆಸ್ ಬೇಕೆಂದು ವರ್ಷಾ ಬೇಡಿಕೆ ಬರುತ್ತದೆ. ಸೂರತ್ತಿನ ಕಡೆಯಿಂದ ಬರುವ ಮಷೀನ್ ಕಸೂತಿಯ ಬಟ್ಟೆ, ಅಂಟಿಸಿದ ಪ್ಲಾಸ್ಟಿಕ್ ಕನ್ನಡಿ, ಬೆನ್ನಿಗೆ ಎಲಾಸ್ಟಿಕ್. ಒಂದು ಡ್ರೆಸ್ಸಿಗೆ ಒಂದು ಗಂಟೆ ಸಾಕು. ಮಕ್ಕಳು ಕುಣಿದು ಹೋದ ಮೇಲೆ ಸ್ಟೇಜಿನ ಮೇಲೆ ಕನ್ನಡಿಗಳು ಉದುರಿರುತ್ತವೆ.

ಹೋದ ವರ್ಷ ದೀಪಾವಳಿಗೆ ಮುಂಚೆ ಒಬ್ಬಳು ಹೆಂಗಸು ಅಂಗಡಿಗೆ ಬಂದಳು. ತಲೆ ನೆರೆತಿತ್ತು, ಕಾಟನ್ ಸೀರೆ, ಕೈಯಲ್ಲಿ ಬಟ್ಟೆಯ ಗಂಟು. "ನಿಮ್ಮಪ್ಪಗ ಕೇಳ್ರಿ, ನನ್ನ ಅಳತಿ ಇನ್ನೂ ಐತೇನು ಅಂತ," ಅಂದು ನಕ್ಕಳು. ಅಪ್ಪ ಹೋಗಿ ಹದಿನೆಂಟು ವರ್ಷ ಆಯಿತೆಂದೆ. "ಹೌದ? ಛೇ," ಎಂದು ಸುಮ್ಮನೆ ಕೂತಳು. ಆಮೇಲೆ ಗಂಟು ಬಿಚ್ಚಿದಳು. ಅದೇ ಕಾಂಚಳಿ. ಕೆಂಪು ಕಂದಾಗಿತ್ತು, ಎರಡು ಕನ್ನಡಿ ಒಡೆದಿದ್ದವು, ಕವಡೆ ಒಂದೂ ಹೋಗಿರಲಿಲ್ಲ.

ಅವಳ ಮೊಮ್ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹಬ್ಬಕ್ಕೆ ತಾಂಡಾಕ್ಕೆ ಬಂದಾಗ ಮೇರಾ ಕೇಳುತ್ತ ಮನೆಮನೆಗೆ ಹೋಗುವ ಹುಡುಗಿಯರ ಜೊತೆ ತಾನೂ ಇದನ್ನೇ ತೊಟ್ಟು ಹೋಗುತ್ತೇನೆ ಅಂದಿದ್ದಾಳೆ. ಆದರೆ ಬರಿ ಬೆನ್ನಲ್ಲಿ ಆಗದು ಅಂತಾಳೆ.

"ಇದಕ್ಕ ಬೆನ್ನು ಹಚ್ಚಿಕೊಡ್ರೀ ಅಣ್ಣಾ. ಮಷೀನ್ ಬ್ಯಾಡ. ಮುಂದಿನದಕ್ಕ ಸೂಜಿ ತಾಗಬಾರದು."

"ಸೂಜಿ ತಾಗದಂಗ ಹ್ಯಾಂಗ ಹಚ್ಚಲಿ ಯವ್ವಾ?"

ಅವಳು ಕಸೆಗಳನ್ನು ಬೆರಳಿಗೆ ಸುತ್ತಿ ತೋರಿಸಿದಳು. ಬೆನ್ನಿನ ತುಂಡಿಗೆ ಅಂಚಿನಲ್ಲಿ ಕಾಜಾ ಮಾಡಿ, ಕಸೆಗಳನ್ನು ಅದರೊಳಗೆ ತೂರಿಸಿ ಕಟ್ಟಿದರಾಯಿತು. ಬೇಡವಾದ ದಿನ ಬಿಚ್ಚಿ ತೆಗೆದಿಡಬಹುದು. ಐವತ್ತು ವರ್ಷ ಈ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಮೊಮ್ಮಗಳ ಅಳತೆ ಫೋನಿನಲ್ಲಿ ಬಂತು, ಇಂಚಿನಲ್ಲಿ. ಕಂದಿದ ಕೆಂಪಿಗೆ ಹೊಂದುವ ಬಟ್ಟೆ ಮೂರು ಅಂಗಡಿ ತಿರುಗಿದರೂ ಸಿಗಲಿಲ್ಲ. ಕೊನೆಗೆ ಅಪ್ಪನ ಕಾಲದ ಚೂರಿನ ಚೀಲ ಅಟ್ಟದಿಂದ ಇಳಿಸಿ, ಅದರಲ್ಲಿದ್ದ ಒಂದು ಕೆಂಪು ತುಂಡು ತೆಗೆದುಕೊಂಡೆ. ಎಂಟು ಕಾಜಾ. ನನ್ನ ಕಣ್ಣು ಈಗ ಮೊದಲಿನಂತಿಲ್ಲ, ಎರಡು ಸಂಜೆ ಹಿಡಿಯಿತು.